ಕಾಮಾಲೆಯೂ ನೆಲನೆಲ್ಲಿಯೂ

ಮುಂಗಾರಿನ ಮೊದಲ ಮಳೆಗಳು ಬಿದ್ದು ಹದಿನೈದು ದಿನಗಳಾದ ಮೇಲೆ ಬೆಂಗಳೂರಿನ ಪಶ್ಚಿಮ ಭಾಗದ ಶ್ರೀಗಂಧದ ಕಾವಲಿನಲ್ಲಿ ಯಾವುದಾದರೂ ಖಾಲಿ ನಿವೇಶನದ ಮುಂದೆ ನಿಂತು ನೋಡಿದರೆ, ಕಳೆಗಿಡಗಳ ನಡುವೆ ಗೇಣುದ್ದದ ಒಂದು ಸಣ್ಣ ಸಸ್ಯ ಕಣ್ಣಿಗೆ ಬೀಳುತ್ತದೆ. ಎಲೆಗಳು ನೆಲ್ಲಿಯ ಎಲೆಗಳಂತೆ ಎರಡು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಗರಿಯನ್ನು ಮಗುಚಿ ನೋಡಿದರೆ ಸಾಸುವೆ ಕಾಳಿಗಿಂತ ಸ್ವಲ್ಪ ದಪ್ಪನಾದ ಹಸಿರು ಕಾಯಿಗಳು ತಳಭಾಗದಲ್ಲಿ ಒಂದರ ಹಿಂದೊಂದು ತೂಗುತ್ತಿರುತ್ತವೆ. ಇದೇ ನೆಲನೆಲ್ಲಿ, ಕಿರುನೆಲ್ಲಿಯೆಂದೂ ಇದನ್ನು ಕರೆಯುವುದುಂಟು. ಹೆಸರಿನಲ್ಲಿ ಮಾತ್ರ ಗಂಧವನ್ನೂ ಕಾವಲನ್ನೂ ಉಳಿಸಿಕೊಂಡು, ಮಿಕ್ಕಂತೆ ಮನೆ ಅಂಗಡಿಗಳಿಂದ ಕಿಕ್ಕಿರಿದಿರುವ ಈ ಬಡಾವಣೆಯಲ್ಲಿ, ಯಾರೂ ಬಿತ್ತದ ಈ ಗಿಡ ಮಾತ್ರ ವರ್ಷವರ್ಷವೂ ತಪ್ಪದೆ ಬರುತ್ತದೆ. ಬೆಳಗ್ಗೆ ಯಾರಾದರೂ ಬಗ್ಗಿ ಅದನ್ನು ಬೇರುಸಹಿತ ಕೀಳುತ್ತಿದ್ದರೆ, ಆ ಮನೆಯಲ್ಲಿ ಯಾರಿಗೋ ಕಾಮಾಲೆಯಾಗಿದೆಯೆಂದು ಊಹಿಸಬಹುದು.

ಅರೆದ ನೆಲನೆಲ್ಲಿಯನ್ನು ಮಜ್ಜಿಗೆಯಲ್ಲಿಯೋ ಹಾಲಿನಲ್ಲಿಯೋ ಬೆರೆಸಿ ಬರಿ ಹೊಟ್ಟೆಯಲ್ಲಿ ಕೊಡುತ್ತಾರೆ. ಉಪ್ಪು, ಎಣ್ಣೆ, ಖಾರ ಬಿಡಿಸುತ್ತಾರೆ. ಎರಡು ಮೂರು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ, ಹಸಿವು ಮರಳುತ್ತದೆ. ರೋಗಿಯೂ ಮನೆಯವರೂ ಗಿಡವನ್ನು ಕೊಂಡಾಡುತ್ತಾರೆ. ಈ ಅನುಭವ ಸುಳ್ಳಲ್ಲ. ಬಹು ಮಂದಿಗೆ ಹೀಗೆ ವಾಸಿಯಾಗಿರುವುದನ್ನು ನಾವೂ ಕಂಡಿದ್ದೇವೆ. ಆದರೆ ವಾಸಿ ಮಾಡಿದ್ದು ಯಾವುದು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯನ್ನು ಕೇಳದಿದ್ದುದರಿಂದ ಕೆಲವರ ಪ್ರಾಣಕ್ಕೆ ಸಂಚಕಾರ ಬಂದಿರುವುದರಿಂದಲೇ ಈ ವಿಷಯವನ್ನು ವಾಚಕರ ಮುಂದೆ ಇಡಬೇಕಾಗಿದೆ.

ಮೊದಲು ಕಾಮಾಲೆಯೆಂದರೇನೆಂಬುದನ್ನು ವಿಚಾರಿಸೋಣ. ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬಾಳಿ ಸಾಯುತ್ತವೆ. ಅವುಗಳಲ್ಲಿನ ಕೆಂಪು ದ್ರವ್ಯ ಒಡೆದಾಗ ಬಿಲಿರುಬಿನ್ ಎಂಬ ಹಳದಿ ಬಣ್ಣದ ಕಸ ಉಳಿಯುತ್ತದೆ. ಈ ಕಸವನ್ನು ಹೀರಿ, ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ, ಪಿತ್ತರಸದ ಮೂಲಕ ಕರುಳಿಗೆ ಸಾಗಿಸುವುದು ಯಕೃತ್ತಿನ ಕೆಲಸ. ಜನರ ಬಾಯಲ್ಲಿ ಲಿವರ್ ಎನಿಸಿಕೊಂಡಿರುವ ಈ ಅಂಗ ಹೊಟ್ಟೆಯ ಬಲಮೇಲ್ಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿದೆ. ಬೆಳೆದವರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ರಕ್ತದಲ್ಲಿ ಬಿಲಿರುಬಿನ್ ನೂರು ಮಿಲಿಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿದ್ದರೆ ಸರಿ. ಎರಡೂವರೆ ಮೂರನ್ನು ಮೀರಿದಾಗ ಕಣ್ಣಿನ ಬಿಳಿಯ ಭಾಗ ಹಳದಿಯಾಗಿ ಕಾಣತೊಡಗುತ್ತದೆ. (ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿ ಎಂಬುದು ಗಾದೆಗೆ ಚೆಂದ, ಅಷ್ಟೆ, ಆ ರೋಗಿಗಳಿಗೆ ಲೋಕ ಎಂದಿನ ಬಣ್ಣದಲ್ಲಿಯೇ ಕಾಣುತ್ತದೆ.)

ಅಂದಮೇಲೆ ಕಾಮಾಲೆ ಒಂದು ರೋಗವಲ್ಲ. ಅನೇಕ ರೋಗಗಳ ಒಂದು ಲಕ್ಷಣ. ಕೆಂಪು ಕಣಗಳು ಮಿತಿಮೀರಿ ಒಡೆದರೂ ಕಾಮಾಲೆ. ವೈರಸ್ಸುಗಳು ಯಕೃತ್ತನ್ನು ಹೊಕ್ಕರೂ ಕಾಮಾಲೆ. ಹೆಂಡವೋ ಔಷಧವೋ ಅದನ್ನು ಸುಟ್ಟರೂ ಕಾಮಾಲೆ. ಪಿತ್ತನಾಳಕ್ಕೆ ಕಲ್ಲು ಅಡ್ಡಬಂದರೂ, ಮೇದೋಜೀರಕದ ಗಂತಿ ಆ ನಾಳವನ್ನು ಒತ್ತಿದರೂ ಕಾಮಾಲೆಯೇ. ಹುಟ್ಟಿದ ಕೂಸುಗಳ ಕಾಮಾಲೆ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಆದರೆ ಎರಡು ವಾರಗಳಾದರೂ ಇಳಿಯದೆ, ಮಲ ಸುಣ್ಣದಂತೆ ಬಿಳಿಚಿದ್ದರೆ ಪಿತ್ತನಾಳವೇ ಮುಚ್ಚಿಹೋಗಿರಬಹುದು. ಜಪಾನಿನ ಶಸ್ತ್ರವೈದ್ಯ ಕಸಾಯಿ ರೂಪಿಸಿದ ಶಸ್ತ್ರಚಿಕಿತ್ಸೆ ಅದಕ್ಕುಂಟು. ಎರಡು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. ಕಾಮಾಲೆಯಾದ ಎಲ್ಲರಿಗೂ ಒಂದೇ ಸೊಪ್ಪಿನ ರಸವನ್ನು ಕುಡಿಸುವುದು, ಹೊಗೆ ಕಂಡ ಕಡೆಯೆಲ್ಲ ಅದು ಒಲೆಯದೋ ಬಣವೆಯದೋ ಎಂದು ನೋಡದೆ ಒಂದೊಂದು ತಂಬಿಗೆ ನೀರು ಚೆಲ್ಲಿದಂತೆ.

ಹಾಗಾದರೆ ಆ ರಸ ಕುಡಿದವರಲ್ಲಿ ಹೆಚ್ಚು ಮಂದಿಗೆ ವಾಸಿಯಾದದ್ದು ಹೇಗೆ? ಇದಕ್ಕೆ ಉತ್ತರ 1955ರ ಕೊನೆಯಲ್ಲಿ ದೆಹಲಿಯಲ್ಲಿ ನಡೆದ ಒಂದು ಘಟನೆಯಲ್ಲಿದೆ. ಆ ವರ್ಷ ಯಮುನಾ ನದಿಯ ಪ್ರವಾಹದ ತರುವಾಯ ನದಿಯ ಹರಿವು ಬದಲಾಗಿ, ನಗರದ ಕೊಳಚೆ ವಜೀರಾಬಾದಿನ ನೀರೆತ್ತುವ ಸ್ಥಾನದ ಕಡೆಗೆ ಸರಿಯಿತು. ಕೆಲವು ವಾರಗಳಲ್ಲಿಯೇ ನಗರದಲ್ಲಿ ಸುಮಾರು 29,000 ಜನರಿಗೆ ಕಣ್ಣಿಗೆ ಕಾಣುವಂತಹ ಕಾಮಾಲೆ ತಗುಲಿತು. ಅವರಲ್ಲಿ ಬಹುಪಾಲು ಜನ ಚೇತರಿಸಿಕೊಂಡರು. ಆ ಕಾಲದಲ್ಲಿ ಈ ರೋಗಕ್ಕೆ ನೇರವಾದ ಮದ್ದೆಂಬುದು ಯಾವ ಪದ್ಧತಿಯಲ್ಲಿಯೂ ಇರಲಿಲ್ಲ, ಆದರೂ ಚೇತರಿಸಿಕೊಂಡರು. ವೈರಸ್ಸನ್ನು ಹೊಡೆದೋಡಿಸಿದ್ದು ಅವರವರ ದೇಹದ ರೋಗನಿರೋಧಕ ಶಕ್ತಿ. ಹಾಳಾದ ಯಕೃತ್ತನ್ನು ಮತ್ತೆ ಕಟ್ಟಿದ್ದು ಆ ಯಕೃತ್ತೇ. ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಭಾಗವನ್ನು ಕತ್ತರಿಸಿ ತೆಗೆದರೂ ಹತ್ತು ದಿನಗಳೊಳಗಾಗಿ ಅದು ಮೊದಲಿನ ತೂಕಕ್ಕೆ ಬೆಳೆಯುವುದೆಂದು ಹಿಗಿನ್ಸ್ ಮತ್ತು ಆಂಡರ್ಸನ್ ಎಂಬವರು 1931ರಲ್ಲಿಯೇ ತೋರಿಸಿದ್ದರು. ಇಂದು ತಂದೆತಾಯಿಗಳು ತಮ್ಮ ಯಕೃತ್ತಿನ ತುಂಡೊಂದನ್ನು ಮಕ್ಕಳಿಗೆ ಕೊಡಲು ಸಾಧ್ಯವಾಗಿರುವುದೂ ಈ ಗುಣದಿಂದಲೇ. ಇಷ್ಟು ಸಮರ್ಥವಾದ ಅಂಗ ತಾನಾಗಿ ಗುಣ ಹೊಂದುತ್ತಿರುವಾಗ ಪಕ್ಕದಲ್ಲಿ ಯಾವ ಮದ್ದಿದ್ದರೂ ಕೀರ್ತಿ ಅದಕ್ಕೆ ಸಲ್ಲುತ್ತದೆ. ತೋಳಿನ ಮೇಲೆ ಬರೆ ಹಾಕಿದರೂ ಅಷ್ಟೆ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಹಾಕಿಸಿಕೊಂಡ ಗುರುತುಳ್ಳ ಹಿರಿಯರು ಈಗಲೂ ಇದ್ದಾರೆ. ಬರೆಯಿಂದಲೇ ಬದುಕಿದೆವೆಂದು ಅವರೂ ನಂಬಿದ್ದಾರೆ.

ದೆಹಲಿಯ ಆ ವ್ಯಾಧಿಗೆ ಕಾರಣವಾದದ್ದು ಯಾವ ವೈರಸ್ಸು ಎಂಬುದು ಬಹುಕಾಲ ತಿಳಿಯಲಿಲ್ಲ. ಹೆಪಟೈಟಿಸ್ ಎ ಎಂದೇ ಎಣಿಸಿದ್ದರು. ಕೂಡಿಟ್ಟಿದ್ದ ರಕ್ತದ ಮಾದರಿಗಳನ್ನು ಹೊಸ ವಿಧಾನಗಳಿಂದ ಪರೀಕ್ಷಿಸಿದಾಗ ಅದು ಅಲ್ಲವೆಂದಾಯಿತು. 1983ರಲ್ಲಿ ಸೋವಿಯತ್ ವಿಜ್ಞಾನಿ ಬಲಯಾನ್, ಆಫ್ಘಾನಿಸ್ತಾನದಲ್ಲಿ ಕಾಮಾಲೆಗೆ ತುತ್ತಾದ ಸೈನಿಕರ ಮಲದಿಂದ ತೆಗೆದ ದ್ರವವನ್ನು ತಾನೇ ಕುಡಿದು, ರೋಗ ಬರಿಸಿಕೊಂಡು, ತನ್ನ ಮಲದಲ್ಲಿ ಹೊಸ ವೈರಸ್ಸನ್ನು ಸೂಕ್ಷ್ಮದರ್ಶಕದಡಿ ತೋರಿಸಿದನು. (ಇಂತಹ ಸಾಹಸವನ್ನು ನಾವು ಯಾರಿಗೂ ಸೂಚಿಸಲಾರೆವು.) ಇದೇ ಇಂದಿನ ಹೆಪಟೈಟಿಸ್ ಇ. ಕುಡಿಯುವ ನೀರಿಗೆ ಕೊಳಚೆ ಬೆರೆತಲ್ಲಿ ಹರಡುವ ರೋಗವಿದು. ವೃಷಭಾವತಿಯ ಕಡೆಗೆ ಕೊಳಚೆ ಹರಿಸುವ ಕಾಲುವೆಗಳೂ ಕುಡಿಯುವ ನೀರಿನ ಕೊಳವೆಗಳೂ ಅಕ್ಕಪಕ್ಕದಲ್ಲಿ ಹೂತಿರುವ ನಮ್ಮ ಪಶ್ಚಿಮ ಬೆಂಗಳೂರಿನ ಬಡಾವಣೆಗಳಿಗೆ ಇದು ದೂರದ ದೆಹಲಿಯ ಕಥೆಯಲ್ಲ.

ಈ ರೋಗದ ಒಂದು ಕ್ರೂರ ಲಕ್ಷಣವನ್ನು ದೆಹಲಿಯ ವೈದ್ಯರು ಅಂದೇ ಗಮನಿಸಿದ್ದರು. ಗರ್ಭಿಣಿಯರಲ್ಲಿ, ಅದರಲ್ಲಿಯೂ ಕೊನೆಯ ಮೂರು ತಿಂಗಳುಗಳಲ್ಲಿ, ಅದು ಸೌಮ್ಯವಾಗಿರುವುದಿಲ್ಲ. ಅಂತಹವರಲ್ಲಿ ಐವರಿಗೆ ಒಬ್ಬರವರೆಗೂ ಸಾವು ಸಂಭವಿಸಿರುವುದುಂಟು. ಕೆಲವು ವರ್ಷಗಳ ಹಿಂದೆ ನಮಗೆ ಪರಿಚಯವಿದ್ದ ಮನೆಯೊಂದರಲ್ಲಿ ಏಳು ತಿಂಗಳ ಬಸುರಿಯಾಗಿದ್ದ ಸೊಸೆಗೆ ಕಾಮಾಲೆ ಕಾಣಿಸಿತು. ಅತ್ತೆಗೆ ಹಿಂದೆ ಇದೇ ಕಾಯಿಲೆ ನೆಲನೆಲ್ಲಿಯಿಂದ ವಾಸಿಯಾಗಿತ್ತು. ಸೊಸೆಯ ಮೇಲಿನ ಅಕ್ಕರೆಯಿಂದಲೇ ಆಕೆ ಎಂಟು ದಿನ ತಪ್ಪದೆ ರಸ ಹಿಂಡಿ ಕೊಟ್ಟರು. ಒಂಬತ್ತನೆಯ ದಿನ ಹುಡುಗಿ ಹಗಲೆಲ್ಲ ಮಲಗಿ, ಇರುಳಿನಲ್ಲಿ ಎದ್ದು ಕುಳಿತು, ಸಂಬಂಧವಿಲ್ಲದ ಮಾತನಾಡತೊಡಗಿದಾಗ ಆಸ್ಪತ್ರೆಗೆ ಒಯ್ದರು. ತಾಯಿ ಬಹು ಕಷ್ಟದಿಂದ ಉಳಿದಳು, ಕೂಸು ಉಳಿಯಲಿಲ್ಲ. ಮೊದಲ ದಿನವೇ ಒಯ್ದಿದ್ದರೆ ಕೂಸು ಬದುಕುತ್ತಿತ್ತೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಆ ಎಂಟು ದಿನಗಳನ್ನು ಆ ಅತ್ತೆ ಇಂದಿಗೂ ಎಣಿಸುತ್ತಿದ್ದಾರೆ.

ನೆಲನೆಲ್ಲಿಯನ್ನು ವಿಜ್ಞಾನಿಗಳು ಪರೀಕ್ಷಿಸದೆಯೇ ತಳ್ಳಿಹಾಕಿದರೆಂಬ ದೂರು ಆಗಾಗ ಕೇಳಿಬರುತ್ತದೆ. ಇದು ನಿಜವಲ್ಲ, ನಮ್ಮ ಗಿಡಮೂಲಿಕೆಗಳಲ್ಲಿ ಇಷ್ಟು ಗಂಭೀರವಾದ ಪರೀಕ್ಷೆಗೆ ಒಳಗಾದವು ಕೆಲವೇ. ಹೆಪಟೈಟಿಸ್ ಬಿ ವೈರಸ್ಸಿನ ಶೋಧಕ್ಕಾಗಿ 1976ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಬರೂಕ್ ಬ್ಲುಂಬರ್ಗ್ ಅವರೇ ಈ ಗಿಡದಲ್ಲಿ ಆಸಕ್ತಿ ವಹಿಸಿದರು. ಮದರಾಸು ವಿಶ್ವವಿದ್ಯಾನಿಲಯದ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಅವರೊಡನೆ ನಡೆಸಿದ ಪರೀಕ್ಷೆಯ ವಿವರ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿ ವೈರಸ್ಸನ್ನು ದೀರ್ಘಕಾಲದಿಂದ ರಕ್ತದಲ್ಲಿ ಹೊತ್ತಿದ್ದವರಿಗೆ ಮೂವತ್ತು ದಿನ ಗಿಡದ ಪುಡಿಯನ್ನು ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು. ಮದ್ದಿಲ್ಲದ ಪುಡಿ ಸೇವಿಸಿದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಲೋಕವೇ ಬೆರಗಾಗುವಂತಹ ಫಲವಿದು! ಇದನ್ನು ಓದಿ ಸಂತೋಷಪಡದ ಭಾರತೀಯನಿರಲಾರ.

ಆದರೆ ವಿಜ್ಞಾನದಲ್ಲಿ ಒಂದು ಪರೀಕ್ಷೆಯೆಂದರೆ ಒಂದು ಸಾಕ್ಷಿಯ ಹೇಳಿಕೆ. ಇನ್ನೊಬ್ಬ ಸಾಕ್ಷಿ ಅದನ್ನೇ ನುಡಿಯಬೇಕು. ಥಾಯ್‌ಲೆಂಡಿನಲ್ಲಿಯೂ ನ್ಯೂಜಿಲೆಂಡಿನಲ್ಲಿಯೂ ಅದೇ ಜಾತಿಯ ಗಿಡದಿಂದ ಪರೀಕ್ಷೆಗಳು ನಡೆದವು. ಮದರಾಸಿನ ಫಲ ಅಲ್ಲಿ ಕಾಣಲಿಲ್ಲ. ಗಿಡ ಬೆಳೆದ ಮಣ್ಣು ಬೇರೆ, ಕಿತ್ತ ಕಾಲ ಬೇರೆ ಎಂಬ ಸಮಾಧಾನಗಳನ್ನು ಹೇಳಿದರು, ಅವನ್ನೂ ಪರಿಗಣಿಸಿದರು. ನೀರಿನಿಂದ ಬರುವ ಸಾಮಾನ್ಯ ಕಾಮಾಲೆಗೆ ಇದರ ಪುಡಿ ಒದಗುವುದೇ ಎಂದು ನೆರೆಯ ಕೇರಳದಲ್ಲಿ ನೋಡಿದರು. ರೋಗಿಗೂ ವೈದ್ಯನಿಗೂ ಯಾವ ಪುಡಿಯಲ್ಲಿ ಏನಿದೆಯೆಂದು ತಿಳಿಯದಂತೆ ನಡೆಸಿದ ಆ ಪರೀಕ್ಷೆಯ ವರದಿ 1999ರಲ್ಲಿ ಬಂದಿತು: ಕಾಮಾಲೆಯ ಅವಧಿ ಗಣನೀಯವಾಗಿ ಕಡಮೆಯಾಗಲಿಲ್ಲ. ಪ್ರಪಂಚದಲ್ಲಿ ನಡೆದ ಇಂತಹ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2011ರಲ್ಲಿ, ದೀರ್ಘಕಾಲದ ಹೆಪಟೈಟಿಸ್ ಬಿ ರೋಗದಲ್ಲಿ ಇದರ ಪ್ರಯೋಜನಕ್ಕೆ ಮನಗಾಣಿಸುವಂತಹ ಪುರಾವೆಯಿಲ್ಲವೆಂದು ಹೇಳಿತು.

ಮದರಾಸಿನ ವಿಜ್ಞಾನಿಗಳು ಮಾಡಿದ್ದು ಸರಿಯಾದ ಕೆಲಸವೆಂದೇ ನಮ್ಮ ಅಭಿಪ್ರಾಯ. ತಪ್ಪು, 1988ರ ಹಾಳೆಯನ್ನು ಚೌಕಟ್ಟು ಹಾಕಿಸಿ ತೂಗುಹಾಕಿ ಮುಂದಿನ ಹಾಳೆಗಳನ್ನು ತೆರೆಯದ ಮಾರಾಟಗಾರರದು. ಅದನ್ನು ಕೇಳಿ ತೃಪ್ತರಾದ ನಮ್ಮದೂ ಹೌದು. ಶ್ರೀಗಂಧದ ಕಾವಲಿಗೆ ದೂರವಲ್ಲದ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗಾಗಿ ಒಂದು ಸಮಿತಿಯನ್ನು ರಚಿಸಿದಾಗ ನಾಡಿನಲ್ಲಿ ದೊಡ್ಡ ಗದ್ದಲವೆದ್ದಿತು. ಅವರು ಬಯಸಿದ್ದು ಪ್ರಶ್ನಿಸುವ ಸ್ವಾತಂತ್ರ್ಯವನ್ನು ಮಾತ್ರ. ಬಾಬಾಗಳ ಪವಾಡಕ್ಕೆ ಒಡ್ಡಿದ ಆ ಪ್ರಶ್ನೆಯನ್ನು ಸೊಪ್ಪಿನ ಪವಾಡಕ್ಕೂ, ಇಂಗ್ಲಿಷ್ ವೈದ್ಯರು ಧಾರಾಳವಾಗಿ ಬರೆದುಕೊಡುವ 'ಲಿವರ್ ಟಾನಿಕ್' ಸೀಸೆಗಳಿಗೂ ಒಡ್ಡಬೇಕಾದುದು ನ್ಯಾಯ. ಆ ಸೀಸೆಗಳ ಪೈಕಿ ಹಲವಕ್ಕೆ ನೆಲನೆಲ್ಲಿಗೆ ದೊರೆತಷ್ಟು ಪರೀಕ್ಷೆಯೂ ದೊರೆತಿಲ್ಲ.

ಮೂಲಿಕೆಯಿಂದ ಗುಣವಿಲ್ಲದಿದ್ದರೆ ದೋಷವಾದರೂ ಇಲ್ಲವಲ್ಲ ಎಂಬ ವಾದವೂ ಉಂಟು. ಕೋವಿಡ್ ಪಿಡುಗಿನ ಕಾಲದಲ್ಲಿ ಮನೆಮನೆಗಳಲ್ಲಿ ಅಮೃತಬಳ್ಳಿಯ ಕಷಾಯ ಕುದಿಯುತ್ತಿದ್ದುದು ವಾಚಕರಿಗೆ ನೆನಪಿರಬಹುದು. 2021ರಲ್ಲಿ ಮುಂಬಯಿಯ ವೈದ್ಯರು, ಅದನ್ನು ಸೇವಿಸಿದ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ತರುವಾಯ ದೇಶದ 13 ಆಸ್ಪತ್ರೆಗಳಿಂದ ಅಂತಹ 43 ರೋಗಿಗಳ ವಿವರ ಹೊರಬಂದಿತು. ಕೇಂದ್ರ ಆಯುಷ್ ಮಂತ್ರಾಲಯವು ಇದನ್ನು ಒಪ್ಪದೆ, ಅದೇ ಕುಲದ ಬೇರೊಂದು ಬಳ್ಳಿಯನ್ನು ಅಮೃತಬಳ್ಳಿಯೆಂದು ತಪ್ಪಾಗಿ ಬಳಸಿರಬಹುದೆಂದಿತು. ಹಾಗಿದ್ದರೆ ಇನ್ನೂ ಕಷ್ಟ. ವಿಜ್ಞಾನಿಗಳೇ ತಡವರಿಸುವ ಬಳ್ಳಿಯನ್ನು ಸಂತೆಯಲ್ಲಿ ಕೊಳ್ಳುವ ಗೃಹಿಣಿ ಗುರುತಿಸುವುದು ಹೇಗೆ?

ಸೊಪ್ಪಿನಷ್ಟೇ ವಿಚಾರಿಸಬೇಕಾದುದು ಪಥ್ಯ. ಕಾಮಾಲೆಯೆಂದೊಡನೆ ಅನ್ನಕ್ಕೆ ತುಪ್ಪವಿಲ್ಲ, ಸಾರಿಗೆ ಒಗ್ಗರಣೆಯಿಲ್ಲ, ಅರಿಶಿನ ಹಳದಿಯಾದ್ದರಿಂದ ಅದೂ ಕೂಡದು. ಬರಿಯ ಗಂಜಿ, ಕಬ್ಬಿನ ಹಾಲು. ಒಂದು ವಾರದ ಸಣ್ಣ ಕಾಯಿಲೆಯಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ, ಕಬ್ಬಿನ ಹಾಲು ಬೀದಿಯ ಮಂಜುಗಡ್ಡೆಯೊಡನೆ ಅದೇ ವೈರಸ್ಸನ್ನು ಮತ್ತೆ ತಾರದಿದ್ದರೆ! ಆದರೆ ಯಕೃತ್ತು ಗಂಟುಗಂಟಾಗಿ ಗಡುಸಾಗುವ ಸಿರೋಸಿಸ್ ರೋಗದಲ್ಲಿ ಈ ಪಥ್ಯ ಅಪಾಯಕಾರಿ. ಹಿಂದೆ ವೈದ್ಯರೂ ಅಂತಹವರಿಗೆ ಬೇಳೆ, ಹಾಲು, ಮೊಟ್ಟೆಗಳನ್ನು ತಡೆಯುತ್ತಿದ್ದರು. ಪ್ರೋಟೀನಿನಿಂದ ಮಿದುಳು ಮಂಕಾಗುವುದೆಂದು ಭಾವಿಸಿದ್ದರು. 2004ರಲ್ಲಿ ಸ್ಪೇನಿನ ವೈದ್ಯರು ಹೋಲಿಸಿ ನೋಡಿದಾಗ ತಡೆಯುವುದರಿಂದ ಯಾವ ಲಾಭವೂ ಕಾಣಲಿಲ್ಲ. ಈಗ ದೇಹದ ತೂಕದ ಒಂದು ಕಿಲೋಗ್ರಾಮಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಅಂದರೆ ಆರೋಗ್ಯವಂತನಿಗಿಂತಲೂ ಹೆಚ್ಚು. ಇಂತಹ ಯಕೃತ್ತಿನಲ್ಲಿ ಇರುಳು ಕಳೆಯಲು ಬೇಕಾದ ಸಕ್ಕರೆಯ ದಾಸ್ತಾನು ಸಾಲದು. ಉಪವಾಸವಿದ್ದರೆ ದೇಹ ತನ್ನ ಮಾಂಸಖಂಡಗಳನ್ನೇ ಕರಗಿಸಿಕೊಳ್ಳುತ್ತದೆ. ಆದಕಾರಣ ಮಲಗುವ ಮುನ್ನ ಏನನ್ನಾದರೂ ತಿನ್ನಬೇಕೆಂಬುದು ಇಂದಿನ ವೈದ್ಯರ ಕಟ್ಟಪ್ಪಣೆ. ರಾಗಿಯ ಗಂಜಿಗೆ ಹಾಲು ಬೆರೆಸಿ ಕುಡಿದರೂ ಆದೀತು. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಉಪ್ಪನ್ನು ಕಡಮೆ ಮಾಡಬೇಕೆಂಬ ಒಂದು ಮಾತಿನಲ್ಲಿ ಮಾತ್ರ ಅಜ್ಜಿಯ ಪಥ್ಯಕ್ಕೂ ಆಸ್ಪತ್ರೆಯ ಪಥ್ಯಕ್ಕೂ ಒಮ್ಮತವಿದೆ.

ಸಿರೋಸಿಸ್ಸಿಗೆ ಹೆಂಡವಷ್ಟೇ ಕಾರಣವಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು ರಕ್ತದ ಮೂಲಕ, ಶುದ್ಧಿಮಾಡದ ಸೂಜಿ ಕ್ಷೌರದ ಕತ್ತಿಗಳ ಮೂಲಕ, ಬಿ ವೈರಸ್ಸು ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ, ಹರಡಿ, ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಯಕೃತ್ತನ್ನು ಕೊರೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ ಬಿ ಇದ್ದವರು ಸುಮಾರು 2.98 ಕೋಟಿ; ಸಿ ಇದ್ದವರು ಸುಮಾರು 55 ಲಕ್ಷ. ನೆಲನೆಲ್ಲಿಯ ಕಥೆಯಲ್ಲಿ ದೊರೆಯದ ಗೆಲವು ದೊರೆತಿರುವುದು ಇಲ್ಲಿಯೇ. ಬಿ ವೈರಸ್ಸಿಗೆ ಲಸಿಕೆಯುಂಟು. ಪರದೇಶದಿಂದ ತರಿಸಿದಾಗ ನೂರಾರು ರೂಪಾಯಿಗಳಾಗುತ್ತಿದ್ದ ಈ ಲಸಿಕೆಯನ್ನು 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇಲ್ಲಿಯೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಇಂದು ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಕೂಸುಗಳಿಗೆ ಪುಕ್ಕಟೆ. ಹುಟ್ಟಿದ 24 ಗಂಟೆಗಳೊಳಗೆ ಮೊದಲ ಚುಚ್ಚುಮದ್ದು ಬೀಳಬೇಕು. 1984ರಲ್ಲಿಯೇ ಇದನ್ನು ಮೊದಲು ಮಾಡಿದ ತೈವಾನಿನಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಗಮನಾರ್ಹವಾಗಿ ಇಳಿದುಹೋಯಿತು. ಸಿ ವೈರಸ್ಸಿಗೆ ಲಸಿಕೆಯಿಲ್ಲ, ಆದರೆ ಮದ್ದಿದೆ. 1989ರಲ್ಲಿ ಆ ವೈರಸ್ಸನ್ನು ಗುರುತಿಸಿದ ಕೆಲಸಕ್ಕೆ 2020ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಹಿಂದೆ ಒಂದು ವರ್ಷ ಸೂಜಿ ಚುಚ್ಚಿಸಿಕೊಂಡು ಜ್ವರ, ನಿಶ್ಶಕ್ತಿಗಳಿಂದ ನರಳಿ, ಅರ್ಧದಷ್ಟು ಮಂದಿ ಮಾತ್ರ ಗುಣ ಹೊಂದುತ್ತಿದ್ದರು. ಈಗ ಸೊಫೊಸ್ಬುವಿರ್ ಮತ್ತು ಜೊತೆಯ ಮಾತ್ರೆಯನ್ನು ಸಾಮಾನ್ಯವಾಗಿ ಹನ್ನೆರಡು ವಾರ ನುಂಗಿದರೆ ನೂರಕ್ಕೆ ತೊಂಬತ್ತೈದರಷ್ಟು ಮಂದಿ ವೈರಸ್ಸಿನಿಂದ ಪೂರ್ತಿ ಬಿಡುಗಡೆ ಹೊಂದುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಇಷ್ಟು ಪರಿಣಾಮಕಾರಿಯಾದ ಮದ್ದು ಸರ್ಕಾರದ ಕಪಾಟಿನಲ್ಲಿರುವಾಗ, ತನ್ನಲ್ಲಿ ವೈರಸ್ಸಿದೆಯೆಂಬುದೇ ತಿಳಿಯದ ಮನುಷ್ಯ ಕಾಮಾಲೆಯಾದಾಗ ರಸ ಕುಡಿದು, ಹಳದಿ ಇಳಿದೊಡನೆ 'ವಾಸಿಯಾಯಿತು' ಎಂದು ಕೆಲಸಕ್ಕೆ ಹೋಗುತ್ತಾನೆ. ಇದಕ್ಕಿಂತ ವಿಷಾದಕರವಾದುದು ನಮಗೆ ಬೇರೆ ಕಾಣದು.

ಹಳದಿಯೇ ಆಗದ ಯಕೃತ್ತಿನ ಬೇನೆಯೊಂದು ಈಗ ಎಲ್ಲಕ್ಕಿಂತ ಹೆಚ್ಚಾಗಿ ಹಬ್ಬಿರುವುದನ್ನೂ ಇಲ್ಲಿ ಹೇಳಬೇಕು. ಹೆಂಡ ಮುಟ್ಟದವರ ಯಕೃತ್ತಿನಲ್ಲಿಯೂ ಕೊಬ್ಬು ತುಂಬುವ ರೋಗವಿದು. 2022ರಲ್ಲಿ ಪ್ರಕಟವಾದ, ದೇಶದ ಅನೇಕ ಅಧ್ಯಯನಗಳ ಒಟ್ಟು ಲೆಕ್ಕದಂತೆ ನಮ್ಮ ವಯಸ್ಕರಲ್ಲಿ ನೂರಕ್ಕೆ 38.6 ಮಂದಿಗೆ ಇದು ಉಂಟು. ಹೈದರಾಬಾದಿನ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳಲ್ಲಿ ಪರೀಕ್ಷಿಸಿದ 345 ಜನರ ಪೈಕಿ ನೂರಕ್ಕೆ 84ರಷ್ಟು ಮಂದಿಯಲ್ಲಿ ಕಂಡಿತೆಂದು 2025ರ ವರದಿಯೊಂದು ಹೇಳುತ್ತದೆ. ನಮ್ಮ ಬಡಾವಣೆಗಳಿಂದ ಬೆಳಗ್ಗೆ ಹೊರಟು ಇರುಳು ಮರಳುವ ಬಸ್ಸುಗಳಲ್ಲಿ ಕುಳಿತವರ ಸ್ಥಿತಿ ಬಹಳ ಬೇರೆಯಾಗಿರಲಾರದು. ಇದಕ್ಕೂ ಮದ್ದುಗಳು ಬರತೊಡಗಿವೆ: ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರೋಮ್, 2025ರಲ್ಲಿ ಸೆಮಾಗ್ಲುಟೈಡ್ ಒಪ್ಪಿಗೆ ಪಡೆದಿವೆ. ಆದರೆ ತೂಕವನ್ನು ನೂರಕ್ಕೆ ಹತ್ತರಷ್ಟು ಇಳಿಸಿದವರಲ್ಲಿ ಬಹುಮಂದಿಯ ಯಕೃತ್ತಿನ ಉರಿಯೂತ ಮಾಯವಾದುದನ್ನು ಕ್ಯೂಬಾದ ವೈದ್ಯರು 2015ರಲ್ಲಿಯೇ ತೋರಿಸಿದ್ದಾರೆ. ಇದರ ವಿವರಕ್ಕೆ ಬೇರೆಯೇ ಲೇಖನ ಬೇಕು.

ನೆಲನೆಲ್ಲಿಗೆ ಮರಳೋಣ. ಆ ಗಿಡವನ್ನು ಕೀಳಬೇಡಿರೆಂದು ಕೂಗುವುದರಿಂದ ಪ್ರಯೋಜನವಿಲ್ಲವೆಂಬುದು ನಮ್ಮ ಎಣಿಕೆ. ಕೂಗಿದವರ ಮಾತನ್ನು ಯಾರೂ ಕೇಳಿಲ್ಲ. ನಾವು ಕೇಳುವುದು ಇಷ್ಟು. ಕಣ್ಣು ಹಳದಿಯಾದ ದಿನವೇ, ಮನೆಯಲ್ಲಿ ಏನೇ ಕೊಡಲಿ ಬಿಡಲಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೋ ಆಸ್ಪತ್ರೆಯಲ್ಲಿಯೋ ರಕ್ತ ಕೊಡಬೇಕು. ಬಿಲಿರುಬಿನ್ ಎಷ್ಟು, ಯಕೃತ್ತಿನ ಕೋಶಗಳು ಎಷ್ಟು ಒಡೆದಿವೆ, ಬಿ ಮತ್ತು ಸಿ ಇವೆಯೇ, ಮುಖ್ಯವಾಗಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ, ಇವುಗಳನ್ನು ನೋಡಬೇಕು. ಈ ಕೊನೆಯದು ಕೆಟ್ಟಿದ್ದರೆ, ಹಳದಿ ಕಡಮೆಯಿದ್ದರೂ ಯಕೃತ್ತು ಸೋಲುತ್ತಿದೆಯೆಂದು ಅರ್ಥ. ಗರ್ಭಿಣಿಗೆ, ಮಂಪರು ಅಥವಾ ತಪ್ಪುಮಾತು ಕಾಣಿಸಿದವರಿಗೆ, ವಸಡಿನಿಂದ ರಕ್ತ ಬರುವವರಿಗೆ, ನೋವಿಲ್ಲದೆ ಕಾಮಾಲೆ ಏರುತ್ತಿರುವ ವೃದ್ಧರಿಗೆ, ಬಿಳಿಯ ಮಲದ ಕೂಸಿಗೆ ಒಂದು ದಿನದ ತಡವೂ ಸಲ್ಲದು. ಹಳದಿ ಇಳಿದ ಮೇಲೆಯೂ, ಬಿ ಅಥವಾ ಸಿ ಕಂಡವರು ಆರು ತಿಂಗಳಿಗೆ ಮತ್ತೊಮ್ಮೆ ತೋರಿಸಿಕೊಳ್ಳಬೇಕು.

ನಾಟಿ ವೈದ್ಯರನ್ನು ಹೊರಗಿಟ್ಟು ಈ ಕೆಲಸ ಸಾಗದು. ಕಾಮಾಲೆಯವರು ಮೊದಲು ಹೋಗುವುದು ಅವರಲ್ಲಿಗೆ. ಜನ ಅವರ ಮಾತನ್ನು ನಂಬುತ್ತಾರೆ. 'ರಕ್ತ ಪರೀಕ್ಷೆಯ ಚೀಟಿ ತಂದರೆ ಔಷಧ' ಎಂದು ಅವರು ಒಂದು ಮಾತು ಹೇಳಿದರೆ, ಗೋಡೆಯ ಮೇಲೆ ಆರೋಗ್ಯ ಇಲಾಖೆ ಬರೆಸುವ ನೂರು ಬರಹಗಳಿಗಿಂತ ಹೆಚ್ಚು ಫಲ ಸಿಕ್ಕೀತು. ಅವರಲ್ಲಿ ಕೆಲವರು ಈಗಾಗಲೇ ಹಾಗೆ ಹೇಳುತ್ತಿದ್ದಾರೆ. ಮಾಗಡಿ ರಸ್ತೆಯಾಚೆಯ ಹಳ್ಳಿಯೊಂದರ ಅಂತಹ ಒಬ್ಬ ಹಿರಿಯರನ್ನು ನಾವು ಕಂಡು ಮಾತನಾಡಿದೆವು. ಗರ್ಭಿಣಿಯರಿಗೆ ತಾವು ಮದ್ದನ್ನೇ ಕೊಡುವುದಿಲ್ಲವೆಂದೂ, ಚೀಟಿಯಲ್ಲಿ ಬಿಲಿರುಬಿನ್ ಹತ್ತನ್ನು ದಾಟಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸುವುದಾಗಿಯೂ ಅವರು ತಿಳಿಸಿದರು. ಹೆಪ್ಪುಗಟ್ಟುವ ಕಾಲದ ಪರೀಕ್ಷೆಯ ವಿಷಯವನ್ನು ಅವರು ಕೇಳಿರಲಿಲ್ಲ. ಅದರ ಹೆಸರನ್ನು ಒಂದು ಕಾಗದದ ಮೇಲೆ ಕನ್ನಡದಲ್ಲಿ ಬರೆಸಿಕೊಂಡು ಜೇಬಿನಲ್ಲಿರಿಸಿಕೊಂಡರು.